ಹಾಡು ಯಾವ ಊರಿನದು, ದನಿ ಯಾರದು?

ದಾವಣಗೆರೆ ಜಿಲ್ಲೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದರೆ ಜಗಳೂರು ಪೂರ್ವದ ಅಂಚಿಗೆ ಕಾಣುತ್ತದೆ. ಚನ್ನಗಿರಿ ದಕ್ಷಿಣಕ್ಕಿದೆ. ಹೊನ್ನಾಳಿ, ನ್ಯಾಮತಿಗಳು ನೈಋತ್ಯಕ್ಕೆ ಸರಿದು ಮಲೆನಾಡಿನ ಹೊಸ್ತಿಲಿಗೆ ತಾಗಿಕೊಂಡಿವೆ. ಚನ್ನಗಿರಿ ತಾಲ್ಲೂಕಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರ ಆಗಸ್ಟ್ 15ರಂದು ಈ ಜಿಲ್ಲೆ ಹುಟ್ಟಿತು. ಅದಕ್ಕೂ ಮುಂಚೆ ಜಗಳೂರು ಚಿತ್ರದುರ್ಗದ ಕೂಸು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದ ಮಕ್ಕಳು. ನ್ಯಾಮತಿ ಈಚಿನ ವರ್ಷಗಳಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾನೂ ಒಂದು ತಾಲ್ಲೂಕಾಯಿತು.

ಆಡಳಿತದ ಗೆರೆಗಳು ಹೀಗೆ ಬದಲಾಗುತ್ತವೆ. ಆದರೆ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಕಿವಿ ತೆರೆದರೆ ಬೇರೊಂದು ನಕ್ಷೆ ತೆರೆದುಕೊಳ್ಳುತ್ತದೆ. ಅದು ಹಾಡಿನ ನಕ್ಷೆ. ಮೂರು ದಿನ ರಜೆ ಸಿಕ್ಕಾಗ ಜಗಳೂರಿನಿಂದ ಹೊರಟು ಚನ್ನಗಿರಿ, ಹೊನ್ನಾಳಿ ದಾಟಿ ನ್ಯಾಮತಿಯವರೆಗೆ ಈ ನಕ್ಷೆಯನ್ನೇ ಹಿಡಿದು ತಿರುಗಾಡಿದೆ. ನನ್ನ ಜೊತೆಗೆ ಒಂದೇ ಪ್ರಶ್ನೆ ಇತ್ತು: ಈ ನಾಲ್ಕು ಊರುಗಳಲ್ಲಿ ಒಂದು ಸಿನಿಮಾ ತೆಗೆದರೆ, ಅದಕ್ಕೆ ಯಾವ ಸಂಗೀತ ಹೊಂದುತ್ತದೆ? ಅದನ್ನು ಆರಿಸುವವರು ಯಾರು?

ಹೀಗೆ ಆರಿಸುವುದನ್ನೇ ಉದ್ಯೋಗ ಮಾಡಿಕೊಂಡವರು ಈಗ ಇದ್ದಾರೆ. ಅವರನ್ನು ‘ಮ್ಯೂಸಿಕ್ ಸೂಪರ್‌ವೈಸರ್’ ಎನ್ನುತ್ತಾರೆ. ನಾವು ಸಂಗೀತ ಮೇಲ್ವಿಚಾರಕ ಎನ್ನೋಣ. ಇವರು ಸಂಗೀತ ನಿರ್ದೇಶಕರಲ್ಲ, ರಾಗ ಕಟ್ಟುವುದು ಇವರ ಕೆಲಸವಲ್ಲ. ಚಿತ್ರಕಥೆಯನ್ನು ಓದಿ ಎಲ್ಲಿ ಹಾಡು ಬೇಕು, ಎಲ್ಲಿ ಮೌನ ಸಾಕು ಎಂದು ಗುರುತು ಹಾಕುತ್ತಾರೆ. ಈಗಾಗಲೇ ಇರುವ ಸಾವಿರಾರು ಹಾಡುಗಳಿಂದ ಹೊಂದುವಂಥದನ್ನು ಹೆಕ್ಕಿ ನಿರ್ದೇಶಕರ ಮುಂದೆ ಇಡುತ್ತಾರೆ. ಒಪ್ಪಿಗೆಯಾದ ಮೇಲೆ ಆ ಹಾಡಿನ ಒಡೆಯರನ್ನು ಹುಡುಕಿ, ಅನುಮತಿ ಕೇಳಿ, ದರ ಗೊತ್ತುಮಾಡಿ, ಕಾಗದಪತ್ರ ಮಾಡಿಸುತ್ತಾರೆ. ಯಾವ ಹಾಡು ಎಷ್ಟು ಸೆಕೆಂಡು ಬಳಕೆಯಾಯಿತು ಎಂಬ ಲೆಕ್ಕವೂ ಇಡಬೇಕು. ಅರ್ಧ ಕಿವಿಯ ಕೆಲಸ, ಅರ್ಧ ಕಾನೂನಿನ ಕೆಲಸ!

ಜಗಳೂರಿನ ಬಯಲು

ಜಗಳೂರು ಸೀಮೆಯ ಮೊದಲ ಪಾಠ ಮೌನ. ಮಳೆ ಕಡಿಮೆ, ಶೇಂಗಾ, ರಾಗಿ, ಮೆಕ್ಕೆಜೋಳದ ಹೊಲಗಳು ಮುಗಿದರೆ ಕುರುಚಲು ಕಾಡು. ತಾಲ್ಲೂಕಿನ ರಂಗಯ್ಯನದುರ್ಗದ ಕಾಡು ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಜಿಂಕೆಗಾಗಿ ಕಾದಿಟ್ಟ ಅಭಯಾರಣ್ಯ. ಇಲ್ಲಿ ನಡುಮಧ್ಯಾಹ್ನ ನಿಂತರೆ ಕೇಳಿಸುವುದು ಗಾಳಿ, ದೂರದ ಕುರಿಮಂದೆಯ ಗಂಟೆ, ಮಂದೆ ಕಾಯುವವನ ಒಂದು ಕೂಗು. ಇಂಥ ಬಯಲಿನ ದೃಶ್ಯಕ್ಕೆ ನೂರು ಪಿಟೀಲುಗಳ ವಾದ್ಯವೃಂದ ತುಂಬಿದರೆ ಬಯಲೇ ಮಾಯವಾಗುತ್ತದೆ. ಎಲ್ಲಿ ಸಂಗೀತ ಬೇಡ ಎಂದು ಹೇಳುವುದು ಆರಿಸುವವರ ಮೊದಲ ಕರ್ತವ್ಯ.

ಹಾಗೆಂದು ಇಲ್ಲಿ ಹಾಡಿಲ್ಲವೆಂದಲ್ಲ. ಚಿತ್ರದುರ್ಗ, ತುಮಕೂರು ಸೀಮೆಯ ಗೊಲ್ಲರು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲು ನುಡಿಸುತ್ತ ಜುಂಜಪ್ಪನ ಕಥೆ ಹಾಡುತ್ತಾರೆ. ಜಗಳೂರಿಗೆ ದೂರವಲ್ಲದ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಕಲಿತವರಲ್ಲ, ಆದರೆ ಅವರ ನೆನಪೇ ಒಂದು ದೊಡ್ಡ ಗ್ರಂಥಾಲಯವಾಗಿತ್ತು. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಕುಳಿತು ಕೇಳಿ ಬರೆದುಕೊಂಡದ್ದರಿಂದ ಆ ಹಾಡುಗಳು ಉಳಿದವು.

ಪಕ್ಕದ ಚಿತ್ರದುರ್ಗದ ಕಥೆಯೊಂದು ಸಂಗೀತದ ಆಯ್ಕೆಗೆ ಒಳ್ಳೆಯ ಉದಾಹರಣೆ. ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿ ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಇದೇ ಕಾದಂಬರಿಯ ಆಧಾರದ ಮೇಲೆ 1956ರಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರ ಬಂತು. ಅಲ್ಲಿ ಸಂಗೀತ ಹಿಂದೂಸ್ತಾನಿಯಾಯಿತು. ಶಂಕರ್-ಜೈಕಿಶನ್ ಅವರ ಸಂಗೀತದಲ್ಲಿ ನಮ್ಮ ಗದಗಿನ ಭೀಮಸೇನ ಜೋಶಿಯವರು ಮನ್ನಾ ಡೇ ಅವರೊಂದಿಗೆ ಹಾಡಿದರು. ಹತ್ತೊಂಬತ್ತು ವರ್ಷಗಳ ನಂತರ, 1975ರಲ್ಲಿ, ಜಿ.ವಿ. ಅಯ್ಯರ್ ಅದನ್ನೇ ಕನ್ನಡಕ್ಕೆ ತಂದರು. ಅವರು ಆರಿಸಿದ್ದು ಕರ್ನಾಟಕ ಸಂಗೀತವನ್ನು. ಅದರ ಹೊಣೆಯನ್ನು ಎಂ. ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತರು ಹೊತ್ತರು; ಬಾಲಮುರಳಿಯವರಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿಯೂ ಬಂತು. ಕಥೆಯ ಬೇರು ಒಂದೇ, ಸಂಗೀತ ಎರಡು. ಎರಡೂ ಚಿತ್ರಗಳನ್ನು ನೋಡಿದ ಮಕ್ಕಳಿಗೆ ಒಂದು ಸಂಗತಿ ತಾನಾಗಿ ಹೊಳೆಯುತ್ತದೆ. ಸಂಗೀತ ಬದಲಾದರೆ ಕಥೆ ನಡೆಯುವ ಊರೇ ಬದಲಾಗುತ್ತದೆ.

ಕೆರೆಯ ಏರಿಯ ಮೇಲೆ

ಜಗಳೂರಿನಿಂದ ದಾವಣಗೆರೆಗೆ ಬಂದು, ಮಂಡಕ್ಕಿ-ಮೆಣಸಿನಕಾಯಿ ತಿಂದು, ಚನ್ನಗಿರಿಯ ಬಸ್ಸು ಹತ್ತಿದರೆ ಬಣ್ಣ ಬದಲಾಗುತ್ತದೆ. ಕೆಂಪು ನೆಲದ ಜಾಗದಲ್ಲಿ ಹಸಿರು, ಬಯಲಿನ ಜಾಗದಲ್ಲಿ ಅಡಿಕೆ ತೋಟ. ದಾರಿಯಲ್ಲಿ ಸಂತೇಬೆನ್ನೂರು. ಅಲ್ಲಿನ ಪುಷ್ಕರಣಿಯ ಮೆಟ್ಟಿಲ ಮೇಲೆ ಕುಳಿತು ನೀರಿನ ನಡುವಿನ ವಸಂತ ಮಂಟಪವನ್ನು ನೋಡುವುದೇ ಒಂದು ಸುಖ. ಚಪ್ಪಾಳೆ ತಟ್ಟಿದರೆ ಕಲ್ಲು ಮೆಟ್ಟಿಲುಗಳು ದನಿಯನ್ನು ಹೇಗೆ ತಿರುಗಿಸಿ ಕೊಡುತ್ತವೆ ಎಂದು ಮಕ್ಕಳು ಪರೀಕ್ಷಿಸಬಹುದು.

ಮುಂದೆ ಸೂಳೆಕೆರೆ, ಅಂದರೆ ಶಾಂತಿಸಾಗರ. ಎರಡು ಗುಡ್ಡಗಳ ನಡುವೆ ಹರಿದ್ರಾ ಹೊಳೆಗೆ ಅಡ್ಡ ಕಟ್ಟಿದ ಏರಿ. ಶಾಂತವ್ವ ಎಂಬ ಹೆಣ್ಣುಮಗಳ ಕಥೆಯನ್ನು ಇಲ್ಲಿನವರು ಇಂದಿಗೂ ಹೇಳುತ್ತಾರೆ. ಕನ್ನಡದಲ್ಲಿ ಕೆರೆಯೆಂದರೆ ಬರೀ ನೀರಲ್ಲ. ಕೆರೆಗಾಗಿ ಬಲಿಯಾದ ಸೊಸೆಯ ಹಾಡು ಎಲ್ಲ ಶಾಲೆಯ ಮಕ್ಕಳಿಗೂ ಗೊತ್ತು. ಹಾಗಾದರೆ ಕೆರೆಯ ದೃಶ್ಯಕ್ಕೆ ಕೆರೆಯ ಹಾಡನ್ನೇ ಹಾಕಬೇಕೇ?

ಹಾಗೇನಿಲ್ಲ. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ 1967ರಲ್ಲಿ ಬಂತು. ತ್ರಿವೇಣಿಯವರ ಕಾದಂಬರಿ, ಮಲೆನಾಡಿನ ಕಥೆ. ಅದಕ್ಕೆ ಅವರು ಬಳಸಿದ್ದು ಧಾರವಾಡದ ಬೇಂದ್ರೆಯವರು ದಶಕಗಳ ಹಿಂದೆಯೇ ಬರೆದಿದ್ದ ‘ಬೆಳಗು’ ಕವಿತೆಯನ್ನು. ವಿಜಯಭಾಸ್ಕರ್ ರಾಗ ಹಾಕಿದರು, ಎಸ್. ಜಾನಕಿ ಹಾಡಿದರು. ಕವಿ ಬಯಲುಸೀಮೆಯ ಕಡೆಯವರು, ಕಥೆ ಮಲೆನಾಡಿನದು. ಆದರೂ ಎಲ್ಲಿಯೂ ಹೊಲಿಗೆ ಕಾಣುವುದಿಲ್ಲ. ಏಕೆಂದರೆ ಅಲ್ಲಿ ಹೊಂದಿಸಿದ್ದು ಭಾವವನ್ನು. 1963ರ ‘ಕುಲವಧು’ ಚಿತ್ರದಲ್ಲಿ ಬೇಂದ್ರೆಯವರ ‘ಯುಗಾದಿ’ ಕವಿತೆ ಬಂತು. ಇಂದಿಗೂ ಹಬ್ಬದ ಬೆಳಿಗ್ಗೆ ರೇಡಿಯೊ ಹಾಕಿದರೆ ಅದೇ ಕೇಳಿಸುತ್ತದೆ. ಸಿನಿಮಾ ಮರೆತವರಿಗೂ ಹಾಡು ನೆನಪಿದೆ. ಟಿ.ಎಸ್. ನಾಗಾಭರಣರು 1990ರಲ್ಲಿ ಶಿಶುನಾಳ ಶರೀಫರ ಪದಗಳನ್ನು, 1992ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯ ಕವಿತೆಗಳನ್ನು ತೆರೆಗೆ ತಂದರು. ಎರಡಕ್ಕೂ ಸಿ. ಅಶ್ವಥ್ ಅವರ ಸಂಗೀತ. ಪುಸ್ತಕವಾಗಿ 1942ರಲ್ಲೇ ಬಂದಿದ್ದ ಕವಿತೆಗಳು ಅರ್ಧ ಶತಮಾನ ಕಳೆದು ತಮ್ಮ ಕವಿಗೆ ಚಲನಚಿತ್ರ ಗೀತೆಯ ರಾಷ್ಟ್ರಪ್ರಶಸ್ತಿ ತಂದುಕೊಟ್ಟವು.

ಅಂದರೆ ಈ ಕೆಲಸ ನಮ್ಮಲ್ಲಿ ಮೊದಲಿನಿಂದ ಇತ್ತು, ಅದಕ್ಕೊಂದು ಹೆಸರು ಮಾತ್ರ ಇರಲಿಲ್ಲ. ನಿರ್ದೇಶಕರು, ಸಂಗೀತ ನಿರ್ದೇಶಕರು, ಕಾವ್ಯ ಓದಿಕೊಂಡ ಗೆಳೆಯರು ಸೇರಿ ಅದನ್ನು ಮಾಡುತ್ತಿದ್ದರು.

ಹೊರದೇಶಗಳಲ್ಲಿ ಇದು ಬೇರೆಯೇ ಹುದ್ದೆಯಾಗಿ ಬೆಳೆಯಿತು. ವಿಜ್ಞಾನದ ವಿದ್ಯಾರ್ಥಿಗಳು ನೋಡಲೇಬೇಕಾದ ‘2001: ಎ ಸ್ಪೇಸ್ ಒಡಿಸ್ಸಿ’ (1968) ಚಿತ್ರಕ್ಕೆ ಅಲೆಕ್ಸ್ ನಾರ್ತ್ ಎಂಬ ಸಂಗೀತಗಾರರು ಹೊಸ ಸಂಗೀತ ಬರೆದಿದ್ದರು. ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ಅದನ್ನು ಬದಿಗಿಟ್ಟು, ಹಿಂದಿನ ಶತಮಾನದ ಯೋಹಾನ್ ಸ್ಟ್ರಾಸ್ ಅವರ ‘ನೀಲಿ ಡ್ಯಾನ್ಯೂಬ್’ ನೃತ್ಯಸಂಗೀತವನ್ನು ಆರಿಸಿದರು. ತೂಕವಿಲ್ಲದೆ ತೇಲುವ ಆಕಾಶನೌಕೆಗೂ ತಿರುಗುವ ನೃತ್ಯಕ್ಕೂ ಇರುವ ಸಾಮ್ಯ ಅವರ ಕಿವಿಗೆ ಹೊಳೆದಿತ್ತು. ಈಚೆಗೆ 2022ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಎಂಬ ಧಾರಾವಾಹಿ ಕೇಟ್ ಬುಷ್ ಅವರ 1985ರ ಹಾಡೊಂದನ್ನು ಬಳಸಿಕೊಂಡಿತು. ಮೂವತ್ತೇಳು ವರ್ಷ ಹಳೆಯ ಆ ಹಾಡು ಬ್ರಿಟನ್ನಿನ ಜನಪ್ರಿಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು! ನಮ್ಮ ದೇಶದಲ್ಲೂ 2019ರ ‘ಗಲ್ಲಿ ಬಾಯ್’ ಹಿಂದಿ ಚಿತ್ರಕ್ಕೆ ಅಂಕುರ್ ತೆವಾರಿ ಎಂಬವರು ಸಂಗೀತ ಮೇಲ್ವಿಚಾರಕರಾಗಿದ್ದರು. ಮುಂಬಯಿಯ ಗಲ್ಲಿಗಳ ರ‍್ಯಾಪ್ ಹಾಡುಗಾರರೂ ಸೇರಿ ಹತ್ತಾರು ಕಲಾವಿದರನ್ನು ಒಂದೇ ಚಿತ್ರದೊಳಗೆ ಕೂಡಿಸಿದ ಕೆಲಸ ಅದು.

ಹೊನ್ನಾಳಿಯ ಹಾರ್ಮೋನಿಯಂ

ಹೊನ್ನಾಳಿಗೆ ಬಂದರೆ ತುಂಗಭದ್ರೆ. ಕೂಡಲಿಯಲ್ಲಿ ಒಂದಾದ ತುಂಗೆ-ಭದ್ರೆಯರು ಇಲ್ಲಿ ಅಗಲವಾಗಿ, ಅವಸರವಿಲ್ಲದೆ ಹರಿಯುತ್ತಾರೆ. ಈ ಸೀಮೆಯ ಸದ್ದು ದೊಡ್ಡದು. ದೀಪಾವಳಿ ಕಳೆದ ಮೇಲೆ ಹೋರಿ ಹಬ್ಬದ ಕೇಕೆ. ಜಾತ್ರೆಯಲ್ಲಿ ಡೊಳ್ಳು, ವೀರಗಾಸೆ.

ಡೊಳ್ಳಿನ ಹತ್ತಿರ ಒಂದು ವಿಜ್ಞಾನದ ಪಾಠವೂ ಇದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಅಷ್ಟು ದೂರ ನಿಂತು ನೋಡಿದರೆ ಕೋಲು ಬಿದ್ದ ಒಂದು ಸೆಕೆಂಡಿನ ನಂತರ ಪೆಟ್ಟು ಕೇಳಿಸುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಒಂದು ಚಿತ್ರ ಸರಿಯುವಷ್ಟರಲ್ಲಿ ಶಬ್ದ ಸುಮಾರು 14 ಮೀಟರ್ ಸಾಗುತ್ತದೆ. ಆದ್ದರಿಂದ ಚಿತ್ರಮಂದಿರದಲ್ಲಿ ಪರದೆಯಿಂದ 14 ಮೀಟರ್ ಹಿಂದೆ ಕುಳಿತವರಿಗೆ ತುಟಿಗಿಂತ ಮಾತು ಒಂದು ಚಿತ್ರದಷ್ಟು ತಡ! ಅಷ್ಟನ್ನು ನಮ್ಮ ಮಿದುಳು ಸಹಿಸಿಕೊಳ್ಳುತ್ತದೆ. ಆದರೆ ಡೊಳ್ಳಿನ ಪೆಟ್ಟು ಕಾಲು ಸೆಕೆಂಡು, ಅಂದರೆ ಆರು ಚಿತ್ರದಷ್ಟು ಹಿಂದೆ ಬಿದ್ದರೆ ಯಾರಿಗಾದರೂ ಗೊತ್ತಾಗುತ್ತದೆ. ಸಂಗೀತವನ್ನು ಚಿತ್ರಕ್ಕೆ ಕೂಡಿಸುವವರು ಈ ಸಣ್ಣ ಅಳತೆಯಲ್ಲೇ ಬದುಕುತ್ತಾರೆ.

ಈ ಭಾಗದ ಹಳ್ಳಿಗಳಲ್ಲಿ ಜಾತ್ರೆಯೆಂದರೆ ನಾಟಕ. ದಾವಣಗೆರೆಯ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು ಕೇಳದ ಹಿರಿಯರು ಇಲ್ಲಿಲ್ಲ. ಕಂಪನಿ ಬಾರದ ಊರಿನಲ್ಲಿ ಊರಿನ ಹುಡುಗರೇ ಬಣ್ಣ ಹಚ್ಚುತ್ತಾರೆ. ಆಗ ಅವರಿಗೆ ಸಂಗೀತ ಆರಿಸಿ ಕೊಡುವವರು ಹಾರ್ಮೋನಿಯಂ ಮಾಸ್ತರು. ತಾಲೀಮಿನ ಮೊದಲ ದಿನ ಮಾಸ್ತರು ಪಾತ್ರಧಾರಿಯ ಕಂಠ ಕೇಳಿ ‘ಇವನದು ಕಪ್ಪು ಎರಡು’ ಎಂದು ಶ್ರುತಿಯ ಮನೆ ಗೊತ್ತುಮಾಡುತ್ತಾರೆ. ತಾಯಿ ಅಳುವ ಸನ್ನಿವೇಶಕ್ಕೆ ಯಾವ ಹಳೆಯ ಸಿನಿಮಾದ ಮಟ್ಟು, ಹಾಸ್ಯದ ಜೋಡಿಗೆ ಯಾವುದು, ಖಳನಾಯಕ ಬಂದಾಗ ತಬಲಾದವನು ಏನು ಬಾರಿಸಬೇಕು, ಎಲ್ಲವೂ ಅವರ ತಲೆಯಲ್ಲಿದೆ. ಒಂದು ಮಟ್ಟು ಜನಕ್ಕೆ ಮೊದಲೇ ಗೊತ್ತಿದ್ದರೆ ಅದು ಬೇಗ ಎದೆಗೆ ಇಳಿಯುತ್ತದೆ ಎಂಬ ಗುಟ್ಟು ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟದ್ದಲ್ಲ.

ಟೂರಿಂಗ್ ಟಾಕೀಸಿನ ಕಾಲವನ್ನು ನನ್ನ ವಯಸ್ಸಿನವರು ಮರೆತಿರಲಾರರು. ಸಂಜೆ ಟೆಂಟಿನ ಧ್ವನಿವರ್ಧಕದಲ್ಲಿ ಘಂಟಸಾಲರ ‘ನಮೋ ವೆಂಕಟೇಶ’ ಮೊಳಗಿತೆಂದರೆ ಟಿಕೆಟ್ ಕೊಡಲು ಶುರುಮಾಡಿದರು ಎಂದೇ ಅರ್ಥ. ಆ ರೆಕಾರ್ಡು ಹಾಕುವವನಿಗೆ ಸಂಗೀತದ ಪದವಿ ಇರಲಿಲ್ಲ. ಆದರೆ ಯಾವ ಹಾಡು ಯಾವ ಹೊತ್ತಿಗೆ ಯಾರನ್ನು ಕರೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಮೇಲ್ವಿಚಾರಕರ ವಿದ್ಯೆಯ ಮೂಲಪಾಠ ಅದೇ.

ನ್ಯಾಮತಿಯ ತಾಂಡಾದಲ್ಲಿ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಆರಾಧ್ಯ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ವರ್ಷ ಫೆಬ್ರವರಿಯ ಜಯಂತಿಗೆ ಕರ್ನಾಟಕದ ತಾಂಡಾಗಳಿಂದ ಮಾತ್ರವಲ್ಲ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದಲೂ ಜನ ಬರುತ್ತಾರೆ. ಕನ್ನಡಿ ಹೊಲಿದ ಉಡುಪಿನ ಹೆಣ್ಣುಮಕ್ಕಳು ವೃತ್ತಕಟ್ಟಿ ಹಾಡುತ್ತ ಕುಣಿಯುವುದನ್ನು ನೋಡುವುದು ಕಣ್ಣಿಗೆ ಹಬ್ಬ. ಹೋಳಿಗೆ ಲೇಂಗಿ ಹಾಡುಗಳು ಬೇರೆ. ಮದುವಣಗಿತ್ತಿ ತವರು ಬಿಡುವಾಗ ಅತ್ತು ಹಾಡುವ ಹಾಡುಗಳೇ ಬೇರೆ.

ಈಗ ಒಬ್ಬ ಸಿನಿಮಾದವರು ಬಂದು, ಆ ತವರು ಬಿಡುವ ಹಾಡಿನ ಲಯ ಚೆನ್ನಾಗಿದೆಯೆಂದು ಅದನ್ನು ಜಾತ್ರೆಯ ಕುಣಿತಕ್ಕೆ ಹಾಕಿದರು ಎನ್ನಿ. ಭಾಷೆ ತಿಳಿಯದ ನಾವು ತಲೆದೂಗುತ್ತೇವೆ. ಚಿತ್ರಮಂದಿರದ ಮೂಲೆಯಲ್ಲಿ ಕುಳಿತ ತಾಂಡಾದ ತಾಯಿ ಏನು ಮಾಡಬೇಕು? ಹಾಡು ಯಾವ ಹೊತ್ತಿನದು ಎಂದು ಕೇಳದೆ ಎತ್ತಿಕೊಂಡರೆ ಒಂದು ಸಮುದಾಯದ ಕಣ್ಣೀರು ನಮ್ಮ ತಮಾಷೆಯಾಗಿಬಿಡುತ್ತದೆ.

ಈ ಭಾಗದ ಒಬ್ಬ ವಿದ್ಯಾರ್ಥಿನಿ ಹೇಳಿದ ಮಾತು ಮನಸ್ಸಿನಲ್ಲಿ ಉಳಿದಿದೆ. “ಸಾರ್, ಯಾರೋ ಬಂದು ನಮ್ಮ ಅಜ್ಜಿ ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋದರು. ಆಮೇಲೆ ಅದು ಯಾವುದೋ ವಿಡಿಯೊದಲ್ಲಿ ಬಂತು. ಅಜ್ಜಿ ಹೆಸರೇ ಇಲ್ಲ. ಅಜ್ಜಿ ಕೇಳಿಸಿಕೊಂಡು, ನನ್ನ ದನಿ ಹಂಗೇ ಐತಲ್ಲ ಅಂದ್ಲು ಸಾರ್.”

ಅಜ್ಜಿಗೆ ಹಕ್ಕಿದೆಯೇ? ಇದು ತಂದೆತಾಯಿಯರೂ ಮಕ್ಕಳೂ ತಿಳಿದಿರಬೇಕಾದ ವಿಷಯ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರ, ರಾಗ ಕಟ್ಟಿದವರ ಹಕ್ಕು ಅವರು ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಹಾಗಾಗಿ 2041 ಮುಗಿಯುವವರೆಗೆ ಅವರ ಕವಿತೆ ಬಳಸಲು ವಾರಸುದಾರರ ಒಪ್ಪಿಗೆ ಬೇಕು. ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದಗಳನ್ನು ಯಾರೂ ಹಾಡಬಹುದು. ಆದರೆ ಆ ಪದಕ್ಕೆ ಈಚಿನವರು ಕಟ್ಟಿದ ರಾಗಕ್ಕೆ ಬೇರೆ ಹಕ್ಕು. ಅದರ ಧ್ವನಿಮುದ್ರಣಕ್ಕೆ, ಅದು ಪ್ರಕಟವಾದಂದಿನಿಂದ 60 ವರ್ಷದ ಇನ್ನೊಂದು ಹಕ್ಕು. ಹೀಗೆ ಒಂದೇ ಹಾಡಿಗೆ ಎರಡು ಮೂರು ಬೀಗಗಳಿರುತ್ತವೆ. ಒಂದನ್ನು ತೆರೆದರೆ ಸಾಲದು.

ಇನ್ನು ಜನಪದ ಹಾಡು. ಅದಕ್ಕೆ ಕರ್ತೃವಿಲ್ಲ, ಆದ್ದರಿಂದ ಸಾಮಾನ್ಯವಾಗಿ ಹಾಡಿನ ಮೇಲೆ ಒಬ್ಬರ ಸ್ವಾಮ್ಯವಿಲ್ಲ. ಆದರೆ ಹಾಡಿದವರಿಗೆ ‘ಪ್ರದರ್ಶಕರ ಹಕ್ಕು’ ಎಂಬುದಿದೆ. ಕೇಳದೆ ಅವರ ಗಾಯನವನ್ನು ಧ್ವನಿಮುದ್ರಿಸಿ ಮಾರುವಂತಿಲ್ಲ. ಈ ಹಕ್ಕು 50 ವರ್ಷದ್ದು. 2012ರ ತಿದ್ದುಪಡಿ ಇದನ್ನು ಇನ್ನಷ್ಟು ಗಟ್ಟಿ ಮಾಡಿತು. ಹಾಡಿದವರು ಇವರೇ ಎಂದು ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಅಂದರೆ ಹಾಡು ಊರಿನದಾದರೂ ದನಿ ಅಜ್ಜಿಯದು.

ಕೇಳದೆ ಬಳಸಿದರು ಎಂಬ ದೂರು ದೊಡ್ಡ ಚಿತ್ರಗಳ ಮೇಲೂ ಬರುತ್ತದೆ. 2024ರ ‘ಬ್ಯಾಚುಲರ್ ಪಾರ್ಟಿ’ ಚಿತ್ರದಲ್ಲಿ ‘ನ್ಯಾಯ ಎಲ್ಲಿದೆ’, ‘ಗಾಳಿಮಾತು’ ಎಂಬ ಹಳೆಯ ಚಿತ್ರಗಳ ಹಾಡುಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ದೂರಿತು. ಅದೇ ವರ್ಷ ದೆಹಲಿ ಹೈಕೋರ್ಟು ಚಿತ್ರದವರಿಗೆ 20 ಲಕ್ಷ ರೂಪಾಯಿ ಠೇವಣಿ ಇಡುವಂತೆ ಹೇಳಿತು. ಹಕ್ಕಿನ ಲೆಕ್ಕ ನೋಡುವ ಒಬ್ಬ ತಿಳಿವಳಿಕೆಯುಳ್ಳವರು ಚಿತ್ರತಂಡದಲ್ಲಿ ಏಕೆ ಬೇಕು ಎನ್ನುವುದಕ್ಕೆ ಇಂಥ ವ್ಯಾಜ್ಯಗಳೇ ಸಾಕ್ಷಿ. ಕಂಪನಿಗೆ ವಕೀಲರಿದ್ದಾರೆ. ತಾಂಡಾದ ಅಜ್ಜಿಗೆ ಯಾರಿದ್ದಾರೆ?

ಮಕ್ಕಳು ಏನು ಮಾಡಬಹುದು?

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಪೋಷಕರು ಬಂದು ಕೇಳುವುದು ಒಂದೇ ಮಾತು: “ಮೇಷ್ಟ್ರೇ, ಸೈನ್ಸ್ ಕೊಡಿಸೋಣವೋ, ಕಾಮರ್ಸೋ?” ಮಗ ಅಥವಾ ಮಗಳು ಚೆನ್ನಾಗಿ ಹಾಡುತ್ತಾರೆ, ಹಾಡುಗಳ ಹುಚ್ಚಿದೆ ಎಂಬುದನ್ನು ದೂರಿನಂತೆ ಹೇಳುತ್ತಾರೆ. ಹಾಡಿನ ಹುಚ್ಚೇ ಅನ್ನ ಕೊಡುತ್ತದೆ ಎಂದು ನಾನು ಭರವಸೆ ಕೊಡಲಾರೆ. ಕನ್ನಡದಲ್ಲಿ ಈ ಹುದ್ದೆ ಇನ್ನೂ ಎಳೆಯದು, ಕೆಲಸಗಳು ಕಡಿಮೆ. ಆದರೆ ಸಿನಿಮಾ ಮಾತ್ರವಲ್ಲದೆ ಜಾಹೀರಾತು, ಸಾಕ್ಷ್ಯಚಿತ್ರ, ಧಾರಾವಾಹಿಗಳಿಗೂ ಹಾಡು ಆರಿಸಬೇಕು. ವಿಜ್ಞಾನ ಓದಿದವರಿಗೆ ಧ್ವನಿಮುದ್ರಣದ ದಾರಿ, ಕಾನೂನು ಓದಿದವರಿಗೆ ಹಕ್ಕುಗಳ ದಾರಿ, ಕನ್ನಡ ಓದಿದವರಿಗೆ ಕಾವ್ಯ-ಜಾನಪದದ ದಾರಿ ಇದೆ. ಯಾವ ವಿಷಯ ಓದಿದರೂ ಕಿವಿಯ ಅಭ್ಯಾಸ ವ್ಯರ್ಥವಾಗುವುದಿಲ್ಲ.

ಅಭ್ಯಾಸವನ್ನು ಈ ರಜೆಯಲ್ಲೇ ಶುರುಮಾಡಬಹುದು. ನೂರು ಪುಟದ ಒಂದು ನೋಟ್‌ಬುಕ್ಕು ಸಾಕು. ಮನೆಯ, ಕೇರಿಯ ಹಿರಿಯರಿಂದ ಹಾಡು ಕೇಳಿ. ಮೊದಲು ಒಪ್ಪಿಗೆ ಪಡೆದು ಆಮೇಲೆ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಹಾಡಿದವರ ಹೆಸರು, ಊರು, ತಾರೀಖು ಬರೆಯಿರಿ. ಅವರು ಅದನ್ನು ಯಾರಿಂದ ಕಲಿತರು, ಯಾವ ಹೊತ್ತಿನಲ್ಲಿ ಹಾಡುತ್ತಾರೆ, ಯಾವಾಗ ಹಾಡಬಾರದು ಎಂದು ತಪ್ಪದೆ ಕೇಳಿ. ಬೀಸುವಾಗಿನ ಹಾಡು, ಅಡಿಕೆ ಸುಲಿಯುವಾಗಿನ ಹಾಡು, ತೊಟ್ಟಿಲ ಹಾಡು, ಒಂದೊಂದಕ್ಕೂ ಒಂದೊಂದು ಪುಟ. ಬೇರೆಯವರಿಗೆ ಕೊಡಬಹುದೇ ಎಂದು ಹಾಡಿದವರನ್ನೇ ಕೇಳಿ ಉತ್ತರ ಬರೆದಿಡಿ. ಮುದ್ರಿಸಿಕೊಂಡದ್ದನ್ನು ಅವರಿಗೆ ಕೇಳಿಸಿ. ತಮ್ಮ ದನಿ ಕೇಳಿ ಹಿರಿಯರ ಮುಖ ಅರಳುವುದನ್ನು ನೋಡಿ.

ಜಗಳೂರಿನ ಗಣೆಯಿಂದ ನ್ಯಾಮತಿಯ ಲೇಂಗಿಯವರೆಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಹಾಡಿಗೆ ಬರವಿಲ್ಲ. ಬರ ಇರುವುದು ಕೇಳಿ ಬರೆದಿಡುವವರಿಗೆ. ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಅವರ ಜೊತೆ ಹಾಡೂ ಹೋಗುತ್ತಿದೆ. ನಾಳೆ ಯಾವುದೋ ಚಿತ್ರದವರು ನಮ್ಮ ಸೀಮೆಗೆ ಬಂದು ‘ಇಲ್ಲಿನ ಹಾಡು ಯಾವುದು, ಯಾರನ್ನು ಕೇಳಬೇಕು’ ಎಂದಾಗ, ಹೆಸರು-ಊರು ಬರೆದ ಒಂದು ನೋಟ್‌ಬುಕ್ಕು ನಮ್ಮ ಮಕ್ಕಳ ಕೈಯಲ್ಲಿರಲಿ.